ಬ್ಯಾಟರಿ ವೋಲ್ಟೇಜ್ ಜಾಸ್ತಿ ಅಂತ ಎಬಿಎಸ್ ಲೈಟ್ ಹತ್ತುತ್ತಿದೆ, ಮಾಡ್ಯೂಲ್ ಬದಲಿಸಲೇಬೇಕಾ?

ನಾಲ್ಕನೇಗೇರು
ಗಾಡಿ ಹಳೆಯದು, ಪೆಟ್ರೋಲ್, ಮ್ಯಾನುಯಲ್. ಇತ್ತೀಚೆಗೆ ಒಂದು ಕಾಟ ಶುರುವಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಹೈವೇ ಹಿಡಿದು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಹೋದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ಲೈಟ್ ಹತ್ತುತ್ತದೆ, ಅದರ ಹಿಂದೆಯೇ ಟ್ರ್ಯಾಕ್ಷನ್ ಕಂಟ್ರೋಲ್ ಲೈಟೂ ಬರುತ್ತದೆ. ಊರೊಳಗೆ ನಿಧಾನಕ್ಕೆ ಓಡಿಸಿದರೆ ಏನೂ ಇಲ್ಲ. ಗಾಡಿ ನಿಲ್ಲಿಸಿ, ಸ್ವಲ್ಪ ಬಿಟ್ಟು ಸ್ಟಾರ್ಟ್ ಮಾಡಿದರೆ ಲೈಟು ಮಾಯ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ಇಂಜಿನ್ ಕಡೆ ಒಂದೂ ಕೋಡ್ ಇಲ್ಲ. ಎಬಿಎಸ್ ಕಡೆ ಒಂದೇ ಒಂದು, ಸಪ್ಲೈ ವೋಲ್ಟೇಜ್ ಹೈ ಅಂತ. ಚಾರ್ಜಿಂಗ್ ಚೆಕ್ ಮಾಡಿದೆವು, ಸರಿಯಾಗಿದೆ, ಹಾಗಾದರೆ ಎಬಿಎಸ್ ಮಾಡ್ಯೂಲೇ ಹೋಗಿರಬೇಕು, ಪಂಪ್ ಸಮೇತ ಪೂರ್ತಿ ಯೂನಿಟ್ ಬದಲಿಸಬೇಕು ಅನ್ನುತ್ತಿದ್ದಾರೆ. ಸಣ್ಣ ಖರ್ಚಲ್ಲ ಅದು.

ಬ್ರೇಕ್ ಮಾಮೂಲಿನಂತೆ ಹಿಡಿಯುತ್ತಿದೆ. ಮಾಡ್ಯೂಲ್ ಬದಲಿಸುವುದಕ್ಕೆ ಮುಂಚೆ ಬೇರೇನಾದರೂ ನೋಡಬೇಕಾ? ಬ್ಯಾಟರಿಯೇ ಜಾಸ್ತಿ ವೋಲ್ಟೇಜ್ ಕೊಡೋಕೆ ಸಾಧ್ಯವಾ?

ಹಳೇಗಾಡಿ
ಮೊದಲು ಮಲ್ಟಿಮೀಟರ್ ಹಿಡಿ ಗುರು. ಮಾಡ್ಯೂಲ್ ಮಾತು ಆಮೇಲೆ.

ಬೆಳ್ಳಿಬಾನೆಟ್
ಬ್ಯಾಟರಿ ಬದಲಿಸಿ ನೋಡಿ. ನನ್ನ ಗಾಡಿಯಲ್ಲೂ ಎಬಿಎಸ್ ಲೈಟ್ ಬರುತ್ತಿತ್ತು. ಹೊಸ ಬ್ಯಾಟರಿ ಹಾಕಿದ ಮೇಲೆ ಮತ್ತೆ ಕಾಣಿಸಿಲ್ಲ.

ಸ್ಪ್ಯಾನರ್‌ಕೈ
ಬೆಳ್ಳಿಬಾನೆಟ್ ಅವರೇ, ನಿಮ್ಮದು ಸ್ಟಾರ್ಟ್ ಮಾಡುವಾಗ ಬರುತ್ತಿತ್ತು ಅಲ್ವಾ? ಅದು ವೋಲ್ಟೇಜ್ ಕಡಿಮೆಯಾದ ಕೇಸು. ಬ್ಯಾಟರಿ ಸೋತಿದ್ದರೆ ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ 9ಕ್ಕಿಂತ ಕೆಳಗೆ ಬೀಳುತ್ತದೆ, ಎಬಿಎಸ್ ಯೂನಿಟ್ ಅದನ್ನು ನೋಡಿ ದೂರು ಹೇಳುತ್ತದೆ. ಇವರದು ಅದಕ್ಕೆ ಪೂರ್ತಿ ಉಲ್ಟಾ.

ನಾಲ್ಕನೇಗೇರು, ಎಬಿಎಸ್ ಯೂನಿಟ್ ತನಗೆ ಬರುವ ಸಪ್ಲೈಯನ್ನು ತಾನೇ ಅಳೆಯುತ್ತಲೇ ಇರುತ್ತದೆ. ಕೆಳಗೊಂದು ಗಡಿ, ಮೇಲೊಂದು ಗಡಿ. ಮೇಲಿನ ಗಡಿ ಗಾಡಿಯಿಂದ ಗಾಡಿಗೆ ಬೇರೆ, ಸಾಮಾನ್ಯವಾಗಿ 16ರಿಂದ 18 ವೋಲ್ಟ್ ನಡುವೆ ಎಲ್ಲೋ ಇರುತ್ತದೆ. ಅದನ್ನು ದಾಟಿದರೆ ಒಳಗಿನ ಸೊಲೆನಾಯ್ಡ್ ವಾಲ್ವ್‌ಗಳ ಕಾಯಿಲ್ ಮತ್ತು ಅವನ್ನು ನಡೆಸುವ ಟ್ರಾನ್ಸಿಸ್ಟರ್‌ಗಳು ಸುಡಬಾರದು ಅಂತ ಯೂನಿಟ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಅಂದರೆ ಈ ಕೋಡ್ ಬಂದ ಮಾತ್ರಕ್ಕೆ ಯೂನಿಟ್ ಕೆಟ್ಟಿದೆ ಅಂತ ಅಲ್ಲ. ಅದು ನೋಡಿದ್ದನ್ನು ಹೇಳಿದೆ ಅಷ್ಟೇ. ನೋಡಿದ್ದು ನಿಜವಾ ಸುಳ್ಳಾ ಅನ್ನುವುದನ್ನು ಮೊದಲು ತಿಳಿಯಬೇಕು.

ಮಾಡಬೇಕಾದ್ದು ಹೀಗೆ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಮೇಲೆ ಮೀಟರ್ ಇಡಿ. 12.6 ಆಸುಪಾಸು ಬರಬೇಕು. ಸ್ಟಾರ್ಟ್ ಮಾಡಿ ಐಡಲಿನಲ್ಲಿ ನೋಡಿ, ಆಮೇಲೆ 2500 ಆರ್‌ಪಿಎಂಗೆ ಏರಿಸಿ ನೋಡಿ. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಹಾಕಿಯೂ ಒಮ್ಮೆ, ಎಲ್ಲ ಆಫ್ ಮಾಡಿಯೂ ಒಮ್ಮೆ. 13.8ರಿಂದ 14.7ರ ಒಳಗೆ ಇದ್ದರೆ ಚಾರ್ಜಿಂಗ್ ಸರಿ. 15 ದಾಟಿ ಅಲ್ಲೇ ನಿಂತರೆ ಇಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರ್ (ಹಳಬರ ಮಾತಿನಲ್ಲಿ ಡೈನಮೋ) ಕಡೆ ನೋಡಬೇಕು.

ಲ್ಯಾಬ್‌ಕೋಟು
ಬ್ಯಾಟರಿಯೇ ಜಾಸ್ತಿ ಕೊಡುತ್ತದಾ ಅನ್ನುವ ಪ್ರಶ್ನೆಗೆ ಉತ್ತರ, ಇಲ್ಲ. ಆರು ಸೆಲ್, ಒಂದೊಂದಕ್ಕೆ ಸುಮಾರು 2.1 ವೋಲ್ಟ್, ಒಟ್ಟು 12.6. ಸೀಸ ಮತ್ತು ಆಸಿಡ್ಡಿನ ರಸಾಯನಶಾಸ್ತ್ರ ಅದಕ್ಕಿಂತ ಹೆಚ್ಚೇನೂ ಮೇಲೆ ಹೋಗಲು ಬಿಡುವುದಿಲ್ಲ. ಗಾಡಿ ಓಡುವಾಗ ಕಾಣುವ ಹೆಚ್ಚಿನ ವೋಲ್ಟೇಜ್ ಎಲ್ಲ ಆಲ್ಟರ್ನೇಟರಿನದ್ದೇ.

ಆದರೆ ಬ್ಯಾಟರಿಗೆ ಇನ್ನೊಂದು ಕೆಲಸ ಇದೆ. ಆಲ್ಟರ್ನೇಟರಿನಿಂದ ಬರುವ ಏರಿಳಿತವನ್ನು ಅದು ನುಂಗಿಕೊಳ್ಳುತ್ತದೆ. ಟರ್ಮಿನಲ್ ಸಡಿಲವಾಗಿದ್ದರೆ ಅಥವಾ ಒಳಗೆ ಒಂದು ಸೆಲ್ಲಿನ ಜೋಡಣೆ ಬಿಟ್ಟಿದ್ದರೆ ಆ ನುಂಗುವ ಕೆಲಸ ನಿಂತುಹೋಗುತ್ತದೆ. ಆಗ ಕ್ಷಣಮಾತ್ರದ ಏರುಗಳು ನೇರವಾಗಿ ಎಲ್ಲ ಮಾಡ್ಯೂಲ್‌ಗಳಿಗೆ ಹೋಗುತ್ತವೆ. ಮೀಟರಿನಲ್ಲಿ ಸರಾಸರಿ 14.3 ಅಂತ ಚೆನ್ನಾಗಿಯೇ ತೋರಿಸಬಹುದು, ಎಬಿಎಸ್ ಮಾತ್ರ ಆ ಏರನ್ನು ಕಂಡು ಲೈಟ್ ಹಾಕಬಹುದು. ಹಾಗಾಗಿ ಮೊದಲು ಎರಡೂ ಟರ್ಮಿನಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಅಲುಗಿದರೆ ಅಲ್ಲಿಂದಲೇ ಶುರು ಮಾಡಿ.

ಎರಡನೇಕೈ
ಇಷ್ಟೆಲ್ಲ ಯಾಕೆ? ನಮ್ಮ ಹಳೇ ಮೆಕ್ಯಾನಿಕ್ ಒಂದೇ ನಿಮಿಷದಲ್ಲಿ ಡೈನಮೋ ಟೆಸ್ಟ್ ಮಾಡುತ್ತಿದ್ದರು. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಒಂದು ಟರ್ಮಿನಲ್ ತೆಗೆಯುವುದು. ಗಾಡಿ ಓಡುತ್ತಲೇ ಇದ್ದರೆ ಡೈನಮೋ ಸರಿ, ನಿಂತರೆ ಹೋಗಿದೆ.

ಸ್ಪ್ಯಾನರ್‌ಕೈ
ದಯವಿಟ್ಟು ಯಾರೂ ಇದನ್ನು ಮಾಡಬೇಡಿ!! ನಾಲ್ಕನೇಗೇರು, ನೀವಂತೂ ಬೇಡವೇ ಬೇಡ.

ಲ್ಯಾಬ್‌ಕೋಟು
ಎರಡನೇಕೈ ಸಾರ್, ಗಾಡಿಯಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲದ ಕಾಲದಲ್ಲಿ ಅದು ನಡೆಯುತ್ತಿತ್ತು. ಈಗ ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಹಠಾತ್ತಾಗಿ ಕಿತ್ತರೆ ಆಲ್ಟರ್ನೇಟರಿನ ಫೀಲ್ಡ್ ಕರೆಂಟ್, ಅಂದರೆ ಅದರೊಳಗಿನ ಕಾಯಿಲನ್ನು ಅಯಸ್ಕಾಂತ ಮಾಡುವ ಕರೆಂಟ್, ತಕ್ಷಣ ಇಳಿಯುವುದಿಲ್ಲ. ಬ್ಯಾಟರಿಗೆ ಹೋಗುತ್ತಿದ್ದ ಕರೆಂಟಿಗೆ ದಾರಿ ಇರುವುದಿಲ್ಲ, ವೋಲ್ಟೇಜ್ ಜಿಗಿಯುತ್ತದೆ. ಇದನ್ನು ಲೋಡ್ ಡಂಪ್ ಅನ್ನುತ್ತಾರೆ. ಐಎಸ್‌ಒ 16750-2 ಮಾನದಂಡದಲ್ಲಿ 12 ವೋಲ್ಟಿನ ಗಾಡಿಗಳಿಗೆ ಇದರ ಪರೀಕ್ಷೆಯೇ ಇದೆ. ತಡೆ ಇಲ್ಲದ ಆಲ್ಟರ್ನೇಟರ್ ಆದರೆ 79ರಿಂದ 101 ವೋಲ್ಟ್, ಒಳಗೇ ತಡೆ ಡಯೋಡ್ ಇರುವುದಾದರೆ 35 ವೋಲ್ಟ್ ಆಸುಪಾಸು. ಮಾಡ್ಯೂಲ್‌ಗಳನ್ನು ಇದಕ್ಕೆ ತಡೆಯುವಂತೆ ಮಾಡಿರುತ್ತಾರೆ ನಿಜ, ಆದರೆ ಬೇಕಂತಲೇ ಯಾಕೆ ಪರೀಕ್ಷೆ ಮಾಡಬೇಕು?

ಎರಡನೇಕೈ
ಸರಿ ಸರಿ, ಒಪ್ಪಿದೆ. ಅವರ ಗಾಡಿಗಳಲ್ಲಿ ರೇಡಿಯೋ ಕೂಡ ಇರುತ್ತಿರಲಿಲ್ಲ ಬಿಡಿ.

ಸುಮ್ನೆಓದುವವ
ನಡುವೆ ಬಾಯಿ ಹಾಕುತ್ತಿದ್ದೇನೆ. ಲೈಟ್ ಹತ್ತಿದಾಗ ಬ್ರೇಕ್ ಹಿಡಿಯುತ್ತದಾ ಇಲ್ಲವಾ? ನನಗೆ ಅದೇ ಭಯ.

ರಾತ್ರಿಸವಾರ
ಹಿಡಿಯುತ್ತದೆ. ಪೆಡಲಿನಿಂದ ಚಕ್ರದವರೆಗಿನ ಹೈಡ್ರಾಲಿಕ್ ಬ್ರೇಕಿಗೆ ಎಬಿಎಸ್ ಆಫ್ ಆದರೂ ಏನೂ ಆಗುವುದಿಲ್ಲ. ಇಲ್ಲದಿರುವುದು ಚಕ್ರ ಲಾಕ್ ಆಗದಂತೆ ತಡೆಯುವ ಸಹಾಯ ಮಾತ್ರ. ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದರೆ ಚಕ್ರ ನಿಂತು ಗಾಡಿ ಜಾರಬಹುದು, ಸ್ಟೀರಿಂಗ್ ತಿರುಗಿಸಿದರೂ ನೇರವೇ ಹೋಗಬಹುದು. ಆದ್ದರಿಂದ ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡು ಓಡಿಸಿ.

ಆದರೆ ಹಳದಿ ಎಬಿಎಸ್ ಲೈಟಿನ ಜೊತೆ ಕೆಂಪು ಬ್ರೇಕ್ ಲೈಟೂ ಹತ್ತಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟೋ ಗಾಡಿಗಳಲ್ಲಿ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಬಲ ಹಂಚುವ ಇಬಿಡಿ ಕೂಡ ಅದೇ ಯೂನಿಟ್ಟಿನಲ್ಲಿರುತ್ತದೆ. ಅದೂ ಹೋದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುವ ಅಪಾಯ ಇದೆ. ಬ್ರೇಕ್ ಆಯಿಲ್ ಕಡಿಮೆಯಾದರೂ ಅದೇ ಕೆಂಪು ಲೈಟ್ ಬರುತ್ತದೆ, ಅದನ್ನೂ ನೋಡಿಕೊಳ್ಳಿ. ಎರಡರಲ್ಲಿ ಯಾವುದೇ ಆದರೂ ಆ ಸ್ಥಿತಿಯಲ್ಲಿ ದೂರ ಹೋಗಬಾರದು.

ನಾಲ್ಕನೇಗೇರು
ಎಲ್ಲರಿಗೂ ಥ್ಯಾಂಕ್ಸ್. ಕೆಂಪು ಲೈಟ್ ಬಂದಿಲ್ಲ, ಹಳದಿ ಎರಡು ಮಾತ್ರ. ಟರ್ಮಿನಲ್ ಎರಡೂ ಗಟ್ಟಿಯಾಗಿವೆ. ಮನೆಯಲ್ಲಿದ್ದ ಮೀಟರ್ ತೆಗೆದು ಅಳೆದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ 14.1. ಸ್ಟಾರ್ಟ್ ಮಾಡಿದ ಮೇಲೆ ಐಡಲಿನಲ್ಲೇ 16.2. ಅಂದರೆ ಆಲ್ಟರ್ನೇಟರ್ ಹೋಗಿದೆ ಅಂತ ಖಚಿತ ಆಯಿತಲ್ವಾ?

ಬೆಳ್ಳಿಬಾನೆಟ್
ಆಯಿತಲ್ಲ, ಸಿಕ್ಕಿತು ಕಳ್ಳ. ಆಲ್ಟರ್ನೇಟರ್ ಬದಲಿಸಿ.

ಮೀಟರ್‌ಮೇಡಂ
ಒಂದು ನಿಮಿಷ ತಡೆಯಿರಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 14.1 ತೋರಿಸೋಕೆ ಹೇಗೆ ಸಾಧ್ಯ? ಲ್ಯಾಬ್‌ಕೋಟು ಮೇಲೆ ಹೇಳಿದ್ದನ್ನು ಓದಿ, ತುಂಬಿದ ಬ್ಯಾಟರಿ 12.6 ಅಥವಾ 12.7, ಆಸಿಡ್ಡನ್ನು ಗಾಜಿನ ನೂಲಿನ ಹಾಳೆ ಹೀರಿಕೊಂಡಿರುವ ಎಜಿಎಂ ಬ್ಯಾಟರಿ ಆದರೆ 12.8 ಆಸುಪಾಸು. ಚಾರ್ಜರ್ ಏನೂ ಹಾಕಿರಲಿಲ್ಲ ತಾನೆ?

ಹಾಕಿರಲಿಲ್ಲ ಅಂದರೆ ಸುಳ್ಳು ಹೇಳುತ್ತಿರುವುದು ನಿಮ್ಮ ಮೀಟರ್. ಮೀಟರಿನ ಒಳಗಿನ 9 ವೋಲ್ಟಿನ ಬ್ಯಾಟರಿ ಸೋತಾಗ ಬಹಳಷ್ಟು ಡಿಜಿಟಲ್ ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಅಳೆಯುವುದಕ್ಕೆ ಒಳಗೆ ಒಂದು ಹೋಲಿಕೆಯ ವೋಲ್ಟೇಜ್ ಬೇಕು, ಬ್ಯಾಟರಿ ಸೋತರೆ ಅದೂ ಕುಸಿಯುತ್ತದೆ. ಆಗ ಹೊರಗಿನದು ದೊಡ್ಡದಾಗಿ ಕಾಣುತ್ತದೆ. ಪರದೆಯ ಮೂಲೆಯಲ್ಲಿ ಸಣ್ಣ ಬ್ಯಾಟರಿ ಚಿತ್ರ ಕಾಣಿಸುತ್ತಿದೆಯಾ ನೋಡಿ. ಹೊಸ ಬ್ಯಾಟರಿ ಹಾಕಿ, ಒಂದು ಹೊಸ 1.5 ವೋಲ್ಟಿನ ಸೆಲ್ ಅಳೆದು ನೋಡಿ. 1.5ರಿಂದ 1.6 ಬಂದರೆ ಮೀಟರನ್ನು ನಂಬಬಹುದು.

ಹಳೇಗಾಡಿ
ಮೇಡಂ ಹೇಳಿದ್ದು ನೂರಕ್ಕೆ ನೂರು. ಇದೇ ಕಾರಣಕ್ಕೆ ಆಲ್ಟರ್ನೇಟರ್ ಬಿಚ್ಚಿದವರನ್ನು ಕಣ್ಣಾರೆ ನೋಡಿದ್ದೇನೆ.

ನಾಲ್ಕನೇಗೇರು
ಮೂಲೆಯಲ್ಲಿ ಬ್ಯಾಟರಿ ಚಿತ್ರ ಇತ್ತು! ಹೊಸ ಬ್ಯಾಟರಿ ಹಾಕಿ, ಸೆಲ್ ಅಳೆದು, ಆಮೇಲೆ ಗಾಡಿ ಅಳೆದೆ. ನಿಂತಾಗ 12.6. ಐಡಲಿನಲ್ಲಿ 14.4. 2500 ಆರ್‌ಪಿಎಂನಲ್ಲಿ 14.4. ಹೆಡ್‌ಲೈಟ್, ಬ್ಲೋವರ್ ಹಾಕಿದರೆ 14.2. ಎಲ್ಲ ಪುಸ್ತಕದಲ್ಲಿ ಬರೆದ ಹಾಗೇ ಇದೆ. ಈಗ ನಾನು ಮತ್ತೆ ಶುರುವಿಗೇ ಬಂದೆ. ಗ್ಯಾರೇಜಿನವರು ಹೇಳಿದ್ದೇ ನಿಜವಾ?

ಬೆಳ್ಳಿಬಾನೆಟ್
ಹಾಗಾದರೆ ಮಾಡ್ಯೂಲೇ. ಇನ್ನೇನು ಉಳಿದಿದೆ?

ತಂತಿಜೋಡಕ
ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಬೆಳ್ಳಿಬಾನೆಟ್, ನಿಮ್ಮ ಅವಸರಕ್ಕೆ ಒಂದು ನಮಸ್ಕಾರ. ಬ್ಯಾಟರಿ, ಆಲ್ಟರ್ನೇಟರ್, ಮಾಡ್ಯೂಲ್, ಒಂದೇ ಚರ್ಚೆಯಲ್ಲಿ ಮೂರನ್ನೂ ಬದಲಿಸಿಬಿಟ್ಟಿರಿ 😄

ಮೊದಲ ಪೋಸ್ಟ್ ಮತ್ತೆ ಓದಿ. ತಣ್ಣಗಿದ್ದಾಗ ತೊಂದರೆ ಇಲ್ಲ. ಹೈವೇಯಲ್ಲಿ ಸ್ವಲ್ಪ ಹೊತ್ತು ಓಡಿದ ಮೇಲೆ ಬರುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಹೋಗುತ್ತದೆ. ಇವರು ಅಳೆದದ್ದು ತಣ್ಣಗಿರುವ ಗಾಡಿಯನ್ನು. ಗ್ಯಾರೇಜಿನವರೂ ಬಹುಶಃ ಅದನ್ನೇ ಮಾಡಿದ್ದಾರೆ, ಗಾಡಿ ಬಂದು ಸಾಲಿನಲ್ಲಿ ನಿಂತು ತಣ್ಣಗಾದ ಮೇಲೆ ಮೀಟರ್ ಇಟ್ಟಿರುತ್ತಾರೆ. ತೊಂದರೆ ಇಲ್ಲದ ಹೊತ್ತಿನಲ್ಲಿ ಅಳೆದರೆ ತೊಂದರೆ ಎಲ್ಲಿ ಕಾಣುತ್ತದೆ? ಲೈಟ್ ಹತ್ತಿರುವಾಗಲೇ ಅಳೆಯಬೇಕು.

ಹೈವೇಯಲ್ಲಿ ಬಾನೆಟ್ ತೆಗೆದು ಓಡಿಸೋಕೆ ಆಗಲ್ಲ. ಮೀಟರಿನಲ್ಲಿ ಮಿನ್ ಮ್ಯಾಕ್ಸ್ ಬಟನ್ ಇದ್ದರೆ ಉದ್ದ ವೈರಿನಿಂದ ಬ್ಯಾಟರಿಗೆ ಸಿಕ್ಕಿಸಿ ಮೀಟರನ್ನು ಒಳಗೆ ಇಟ್ಟುಕೊಳ್ಳಿ. ಬ್ಯಾಟರಿ ಹತ್ತಿರವೇ ಆ ವೈರಿಗೆ ಸಣ್ಣ ಫ್ಯೂಸ್ ಹಾಕಿ, ಬಿಸಿ ಇಂಜಿನ್ ಮತ್ತು ಬೆಲ್ಟಿಗೆ ತಾಗದಂತೆ ಕಟ್ಟಿ. ಇಲ್ಲದಿದ್ದರೆ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಸಣ್ಣ ವೋಲ್ಟ್ ಮೀಟರ್ ಸಾಕು, ಅದು ಬ್ಯಾಟರಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ ಅಷ್ಟೇ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಅವರಿಗೆ ನೋಡಲು ಹೇಳಿ. ಓಡಿಸುತ್ತಾ ನೀವು ನೋಡಬೇಡಿ.

ಜೊತೆಗೆ ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡುವುದು ಎಲ್ಲಕ್ಕಿಂತ ಮುಖ್ಯ. ಇಂಜಿನ್ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ತನಗೆ ಎಷ್ಟು ವೋಲ್ಟ್ ಬರುತ್ತಿದೆ ಅನ್ನುತ್ತದೆ, ಎಬಿಎಸ್ ಎಷ್ಟು ಅನ್ನುತ್ತದೆ, ಲೈಟು, ಲಾಕು ಇತ್ಯಾದಿ ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಷ್ಟು ಅನ್ನುತ್ತದೆ, ಬ್ಯಾಟರಿ ಮೇಲೆ ಮೀಟರ್ ಎಷ್ಟು ತೋರಿಸುತ್ತದೆ. ನಾಲ್ಕೂ 16 ಅಂದರೆ ಚಾರ್ಜಿಂಗ್ ತಪ್ಪು. ಮೂರು 14.3 ಅಂದು ಎಬಿಎಸ್ ಒಂದೇ 16 ಅಂದರೆ ಆಗ ಮಾಡ್ಯೂಲಿನ ಒಳಗಿನ ಅಳತೆಯೇ ಕೆಟ್ಟಿದೆ, ಗ್ಯಾರೇಜಿನವರ ಮಾತು ಒಪ್ಪಬಹುದು. ಈ ಹೋಲಿಕೆ ಮಾಡದೆ ಎಬಿಎಸ್ ಯೂನಿಟ್ ಕೊಳ್ಳಬೇಡಿ.

ಬೆಳ್ಳಿಬಾನೆಟ್
ತಂತಿಜೋಡಕ ಅಣ್ಣ, ನಮಸ್ಕಾರ ಸ್ವೀಕರಿಸಿದ್ದೇನೆ. ಆದರೆ ಎಬಿಎಸ್ ಯೂನಿಟ್ಟಿನ ಅರ್ತಿಂಗ್ ಕೆಟ್ಟಿದ್ದರೂ ಹೀಗಾಗಬಹುದಲ್ಲ? ಅರ್ತಿಂಗ್ ಸರಿಯಿಲ್ಲ ಅಂದರೆ ಏನು ಬೇಕಾದರೂ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ತಂತಿಜೋಡಕ
ಈ ಕೋಡಿಗೆ ಆಗಲ್ಲ. ಯೂನಿಟ್ಟಿನ ಅರ್ತ್ ವೈರಿನಲ್ಲಿ ತುಕ್ಕು ಹಿಡಿದರೆ ಅಲ್ಲಿ ಒಂದಷ್ಟು ವೋಲ್ಟ್ ಕಳೆದುಹೋಗುತ್ತದೆ. ಯೂನಿಟ್ಟಿಗೆ ಸಿಗುವುದು ಕಡಿಮೆಯಾಗುತ್ತದೆ, ಜಾಸ್ತಿಯಾಗುವುದಿಲ್ಲ. ಪಂಪ್ ತಿರುಗುವ ಹೊತ್ತಿಗೆ ಲೋ ವೋಲ್ಟೇಜ್ ಕೋಡ್ ಬಂದಿದ್ದರೆ ನಾನೇ ಅರ್ತಿಂಗ್ ಬೋಲ್ಟ್ ಬಿಚ್ಚಿ ಉಜ್ಜಿ ಅಂತ ಹೇಳುತ್ತಿದ್ದೆ.

ಲ್ಯಾಬ್‌ಕೋಟು
ಇದಕ್ಕೊಂದು ಸೇರಿಸುತ್ತೇನೆ. ಅರ್ತ್ ಕಡೆ ಅಲ್ಲ, ಪಾಸಿಟಿವ್ ಕಡೆ ಒಂದು ವೈರ್ ಕೆಟ್ಟರೆ ವೋಲ್ಟೇಜ್ ಏರುತ್ತದೆ. ಅದು ಸೆನ್ಸ್ ವೈರ್. ಕೆಲವು ಆಲ್ಟರ್ನೇಟರ್‌ಗಳು ಬ್ಯಾಟರಿ ಎಷ್ಟಿದೆ ಅಂತ ತಿಳಿಯಲು ಒಂದು ತೆಳು ವೈರನ್ನು ಬ್ಯಾಟರಿ ಕಡೆಗೆ ಎಳೆದಿರುತ್ತವೆ, ನಡುವೆ ಒಂದು ಫ್ಯೂಸ್. ಆ ಫ್ಯೂಸಿನ ಕಾಲಿನಲ್ಲೋ ಪ್ಲಗ್ಗಿನಲ್ಲೋ ಹಸಿರು ತುಕ್ಕು ಕೂತರೆ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರಿಗೆ ನಿಜ 14.4 ಇದ್ದದ್ದು 13 ಅಂತ ಕಾಣುತ್ತದೆ. ಪಾಪ ಅದು ಇನ್ನೂ ಬೇಕು ಅಂತ ಏರಿಸುತ್ತಾ ಹೋಗುತ್ತದೆ. ರೆಗ್ಯುಲೇಟರ್ ಚೆನ್ನಾಗಿದ್ದರೂ ಬ್ಯಾಟರಿ ಕುದಿಯುತ್ತದೆ.

ಸ್ಪ್ಯಾನರ್‌ಕೈ
ಹೌದು, ಆಲ್ಟರ್ನೇಟರ್ ಬದಲಿಸಿಯೂ ತೊಂದರೆ ಹೋಗದ ಕೇಸುಗಳಲ್ಲಿ ಇದನ್ನು ಕಂಡಿದ್ದೇನೆ. ಇನ್ನೊಂದು ಇದೆ. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಎಷ್ಟು ಏರಿಸಬೇಕು ಅನ್ನುವುದನ್ನು ಇಂಜಿನ್ ಇಸಿಯು ಒಂದು ಡೇಟಾ ವೈರಿನಲ್ಲಿ ಹೇಳುತ್ತದೆ. ಅಲ್ಲಿ ರೆಗ್ಯುಲೇಟರ್ ತಪ್ಪಾ, ಆಜ್ಞೆ ತಪ್ಪಾ ಅಂತ ಬೇರೆ ನೋಡಬೇಕು. ಸ್ಕ್ಯಾನರಿನಲ್ಲಿ ಇಸಿಯು ಕೇಳಿದ ವೋಲ್ಟೇಜ್ ಕಾಣಿಸುತ್ತದೆ. 14.2 ಕೇಳಿ 16 ಬಂದರೆ ತಪ್ಪು ಆಲ್ಟರ್ನೇಟರಿನದ್ದು.

ನಾಲ್ಕನೇಗೇರು
ಇವತ್ತು ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದೆ. ಅವನ ಹತ್ತಿರ ಸ್ಕ್ಯಾನರ್ ಇತ್ತು, ಎಬಿಎಸ್ ಕೂಡ ಓದುವಂಥದ್ದು.

ಹೊರಟಾಗ 14.4. ಹೈವೇಯಲ್ಲಿ ಒಂದಷ್ಟು ದೂರ ಹಾಗೇ ಇತ್ತು. ಆಮೇಲೆ ನಿಧಾನಕ್ಕೆ 14.8, 15.2, 15.6 ಅಂತ ಏರಿತು. 16 ದಾಟಿದ ಸ್ವಲ್ಪ ಹೊತ್ತಿಗೆ ಎಬಿಎಸ್ ಲೈಟ್ ಬಂತು. ಮೀಟರಿನ ಮ್ಯಾಕ್ಸ್ 16.4. ಆ ಹೊತ್ತಿನಲ್ಲಿ ಎಬಿಎಸ್ ಲೈವ್ ಡೇಟಾ 16.2, ಇಂಜಿನ್ ಇಸಿಯು 16.2, ಬಾಡಿ ಮಾಡ್ಯೂಲ್ 16.1. ಎಲ್ಲ ಒಂದೇ ಮಾತು ಹೇಳುತ್ತಿವೆ. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದರೂ 15.7ಕ್ಕಿಂತ ಇಳಿಯಲಿಲ್ಲ.

ಒಂದು ಅರ್ಥವಾಗಲಿಲ್ಲ. ಇಂಜಿನ್ ಇಸಿಯು ಕೂಡ 16.2 ನೋಡುತ್ತಿದೆ, ಮತ್ತೆ ಅದು ಯಾಕೆ ಚೆಕ್ ಇಂಜಿನ್ ಲೈಟ್ ಹಾಕಲಿಲ್ಲ?

ಸ್ಪ್ಯಾನರ್‌ಕೈ
ಒಂದೊಂದು ಮಾಡ್ಯೂಲಿನ ಗಡಿ ಬೇರೆ, ತಾಳ್ಮೆಯೂ ಬೇರೆ. ಇಂಜಿನ್ ಕಡೆ ಇದಕ್ಕಿರುವ ಕೋಡ್ ಪಿ0563, ಸಿಸ್ಟಮ್ ವೋಲ್ಟೇಜ್ ಹೈ. ಅದು ಬರಬೇಕಾದರೆ ಇನ್ನೂ ಹೆಚ್ಚಿನ ವೋಲ್ಟೇಜ್ ಅಥವಾ ಇನ್ನೂ ಹೆಚ್ಚು ಹೊತ್ತು ಬೇಕಿರಬಹುದು. ನಿಮ್ಮ ಗಾಡಿಯಲ್ಲಿ ಎಬಿಎಸ್ ಗಡಿ 16ರ ಹತ್ತಿರ ಇದ್ದ ಹಾಗಿದೆ, ಅದಕ್ಕೇ ಅದು ಮೊದಲು ಕೂಗಿತು. ಎಬಿಎಸ್‌ನಲ್ಲಿ ಮಾತ್ರ ಕೋಡ್ ಇದೆ, ಹಾಗಾಗಿ ಎಬಿಎಸ್ಸೇ ಕೆಟ್ಟಿದೆ ಅನ್ನುವ ಲೆಕ್ಕ ಇಲ್ಲೇ ತಪ್ಪುವುದು.

ಅಂದಹಾಗೆ ಬಿಸಿಯಾದಷ್ಟೂ ಚಾರ್ಜಿಂಗ್ ವೋಲ್ಟೇಜ್ ಇಳಿಯಬೇಕು, ಏರಬಾರದು. ರೆಗ್ಯುಲೇಟರನ್ನು ಹಾಗೇ ಮಾಡಿರುತ್ತಾರೆ, 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 0.1ರಿಂದ 0.2 ವೋಲ್ಟ್ ಕಡಿಮೆ. ನಿಮ್ಮದು ಉಲ್ಟಾ ಹೋಗುತ್ತಿದೆ.

ತಂತಿಜೋಡಕ
ಒಳ್ಳೆ ಕೆಲಸ ಮಾಡಿದಿರಿ. ಈಗ ಉಳಿದಿರುವುದು ಎರಡೇ, ರೆಗ್ಯುಲೇಟರ್ ಅಥವಾ ಸೆನ್ಸ್ ವೈರ್. ಬಿಸಿಯಾದಾಗ ಸಡಿಲವಾಗುವ ಪ್ಲಗ್ಗೂ ಹೀಗೇ ಮಾಡಬಹುದು, ಆದ್ದರಿಂದ ಊಹೆ ಬೇಡ. ಗಾಡಿಯ ವೈರಿಂಗ್ ಚಿತ್ರ ನೋಡಿ ಆಲ್ಟರ್ನೇಟರ್ ಪ್ಲಗ್ಗಿನಲ್ಲಿ ಸೆನ್ಸ್ ಪಿನ್ ಯಾವುದು ಅಂತ ತಿಳಿದುಕೊಳ್ಳಿ. ಲೈಟ್ ಹತ್ತಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ, ಪ್ಲಗ್ ಕೀಳದೆ, ಹಿಂಬದಿಯಿಂದ ಪಿನ್ ಮುಟ್ಟಿ ಅಳೆಯಿರಿ. ತೋಳು, ಟೈ, ಕೂದಲು ಬೆಲ್ಟಿನಿಂದ ದೂರ.

ಬ್ಯಾಟರಿ 16.3 ಇದ್ದು ಸೆನ್ಸ್ ಪಿನ್ನಿನಲ್ಲಿ 14.4 ಇದ್ದರೆ ವೈರ್ ಕೆಟ್ಟಿದೆ, ರೆಗ್ಯುಲೇಟರ್ ಅಮಾಯಕ. ಸೆನ್ಸ್ ಪಿನ್ನಿನಲ್ಲೂ 16.3 ಇದ್ದರೆ ರೆಗ್ಯುಲೇಟರಿಗೆ ನಿಜ ಗೊತ್ತಿದೆ, ಗೊತ್ತಿದ್ದೂ ಏರಿಸುತ್ತಿದೆ. ಅದು ಹೋಗಿದೆ.

ಮೀಟರ್‌ಮೇಡಂ
ಅದೇ ಹೊತ್ತಿನಲ್ಲಿ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೂ ಒಮ್ಮೆ ಇಡಿ, ಹೆಡ್‌ಲೈಟ್ ಹಾಕಿ. 0.5 ವೋಲ್ಟಿಗಿಂತ ಜಾಸ್ತಿ ಬಂದರೆ ಆಲ್ಟರ್ನೇಟರಿನಲ್ಲಿ ಎಸಿಯನ್ನು ಡಿಸಿ ಮಾಡುವ ಡಯೋಡೂ ಹೋಗಿದೆ ಅಂತ ಅನುಮಾನ ಪಡಬೇಕು. ಆಗ ಬರೀ ರೆಗ್ಯುಲೇಟರ್ ಬದಲಿಸಿ ಪ್ರಯೋಜನ ಇಲ್ಲ. ಈ ಏರಿಳಿತ ಜಾಸ್ತಿಯಾದರೆ ಚಕ್ರದ ಸೆನ್ಸರ್ ಸಿಗ್ನಲ್ಲಿಗೂ ಗಲಾಟೆ ಸೇರಿ ಎಬಿಎಸ್‌ನಲ್ಲಿ ಬೇರೆ ಬೇರೆ ಕೋಡ್ ಬರುವುದುಂಟು.

ರಾತ್ರಿಸವಾರ
16ರಲ್ಲಿ ತುಂಬಾ ಓಡಿಸಬೇಡಿ ಸಾರ್. 14.4 ದಾಟಿದ ಮೇಲೆ ಬ್ಯಾಟರಿಯೊಳಗಿನ ನೀರು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯುವುದು ಜೋರಾಗುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ, ಬ್ಯಾಟರಿಯ ಪಕ್ಕ ಉಬ್ಬಿದ್ದರೆ, ಮುಟ್ಟಲಾರದಷ್ಟು ಬಿಸಿಯಿದ್ದರೆ ಗಾಡಿ ಆಫ್ ಮಾಡಿ ದೂರ ನಿಲ್ಲಿ. ಕಿಡಿ ತಾಗಿದರೆ ಸಿಡಿಯುತ್ತದೆ.

ನಾಲ್ಕನೇಗೇರು
ವಾಸನೆ ಇಲ್ಲ, ಉಬ್ಬಿಲ್ಲ. ಆದರೆ ಮುಚ್ಚಳ ತೆಗೆದು ನೋಡಿದರೆ ಎಲ್ಲ ಸೆಲ್ಲಿನಲ್ಲೂ ನೀರು ಕೆಳಗಿದೆ. ಇತ್ತೀಚೆಗೆ ಹೆಡ್‌ಲೈಟ್ ಬಲ್ಬ್ ಪದೇ ಪದೇ ಹೋಗುತ್ತಿತ್ತು, ಅದಕ್ಕೂ ಇದೇ ಕಾರಣ ಇರಬೇಕು.

ಸೆನ್ಸ್ ಪಿನ್ ಅಳೆದೆವು. ಬ್ಯಾಟರಿ 16.3, ಪಿನ್ 16.3. ಎಸಿ 0.05. ಅಂದರೆ ರೆಗ್ಯುಲೇಟರ್.

ಹಳೇಗಾಡಿ
ರೆಗ್ಯುಲೇಟರ್ ಒಂದನ್ನೇ ಹಾಕು ಗುರು. ಎಷ್ಟೋ ಆಲ್ಟರ್ನೇಟರ್‌ಗಳಲ್ಲಿ ಅದು ಕಾರ್ಬನ್ ಬ್ರಷ್ ಸಮೇತ ಹಿಂಬದಿಯಲ್ಲಿ ಎರಡು ಮೂರು ಸ್ಕ್ರೂ ಮೇಲೆ ನಿಂತಿರುತ್ತದೆ.

ಸ್ಪ್ಯಾನರ್‌ಕೈ
ನಾನಾದರೆ ಪೂರ್ತಿ ಆಲ್ಟರ್ನೇಟರ್ ಹಾಕುತ್ತಿದ್ದೆ. ಹಳೇ ಗಾಡಿ, ಬೇರಿಂಗೂ ಅಷ್ಟೇ ಓಡಿದೆ. ಇವತ್ತು ರೆಗ್ಯುಲೇಟರ್, ನಾಳೆ ಬೇರಿಂಗ್, ಎರಡು ಸಲ ಬೆಲ್ಟ್ ಬಿಚ್ಚುವ ಕೆಲಸ.

ಹಳೇಗಾಡಿ
ಬೇರಿಂಗ್ ಸದ್ದು ಮಾಡುತ್ತಿದ್ದರೆ ನಿನ್ನ ಮಾತು ಸರಿ. ಸದ್ದಿಲ್ಲ ಅಂದರೆ ಯಾಕೆ ಬದಲಿಸಬೇಕು? ಡಯೋಡ್ ಚೆನ್ನಾಗಿದೆ ಅಂತ ಎಸಿ ಅಳತೆಯೇ ಹೇಳುತ್ತಿದೆ. ಬ್ರಷ್ ಓಡುವ ತಾಮ್ರದ ಉಂಗುರ ನೋಡು, ಆಳವಾಗಿ ಗೀರಿಲ್ಲದಿದ್ದರೆ ರೆಗ್ಯುಲೇಟರ್ ಹಾಕಿ ಮುಗಿಸು.

ಸ್ಪ್ಯಾನರ್‌ಕೈ
ಗೀರಿದ್ದರೆ?

ಹಳೇಗಾಡಿ
ಗೀರಿದ್ದರೆ ನೀನು ಗೆದ್ದೆ.

ತಂತಿಜೋಡಕ
ಯಾವುದೇ ಆಗಲಿ, ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯುವುದು ಮರೆಯಬೇಡಿ. ಆಲ್ಟರ್ನೇಟರಿನ ದಪ್ಪ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ಬೆಂಕಿ.

ನಾಲ್ಕನೇಗೇರು
ಉಂಗುರ ನುಣುಪಾಗಿತ್ತು, ಬೇರಿಂಗ್ ಸದ್ದಿಲ್ಲ. ರೆಗ್ಯುಲೇಟರ್ ಮಾತ್ರ ಹಾಕಿಸಿದೆ. ಅದೇ ಹೈವೇಯಲ್ಲಿ ಹೋಗಿ ಬಂದೆ. ತಣ್ಣಗಿದ್ದಾಗ 14.4, ಬಿಸಿಯಾದ ಮೇಲೆ 14.0. ಕೋಡ್ ಅಳಿಸಿದ್ದೆ, ಮತ್ತೆ ಬಂದಿಲ್ಲ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಲೋಡ್ ಟೆಸ್ಟ್ ಮಾಡಿಸಿದೆ, ಸದ್ಯಕ್ಕೆ ಪಾಸ್. ಎಬಿಎಸ್ ಯೂನಿಟ್ ಮುಟ್ಟಲಿಲ್ಲ.

ಬೆಳ್ಳಿಬಾನೆಟ್
ಅಂತೂ ನಾನು ಹೇಳಿದ ಮೂರರಲ್ಲಿ ಒಂದರ ಒಳಗಿನ ಒಂದು ಭಾಗ ಸರಿಯಾಯಿತು. ಅರ್ಧ ಅಂಕ ಕೊಡಿ.

ಎರಡನೇಕೈ
ಇಲ್ಲೇ ಕೇಳಿಬಿಡುತ್ತೇನೆ. ನನ್ನ ಗಾಡಿಯಲ್ಲೂ ಎಬಿಎಸ್‌ನಲ್ಲಿ ಹೈ ವೋಲ್ಟೇಜ್ ಕೋಡ್ ಸಿಕ್ಕಿತು, ಆದರೆ ಲೈಟ್ ಯಾವತ್ತೂ ಹತ್ತಿಲ್ಲ. ಹಳೇ ಕೋಡ್ ಅಂತ ತೋರಿಸುತ್ತದೆ. ಹೋದ ತಿಂಗಳು ಬ್ಯಾಟರಿ ಸತ್ತಾಗ ಒಂದು ಲಾರಿಯಿಂದ ಜಂಪ್ ಸ್ಟಾರ್ಟ್ ಮಾಡಿಸಿದ್ದೆ.

ಮೀಟರ್‌ಮೇಡಂ
ಲಾರಿ ಅಂದರೆ ಬಹುಪಾಲು 24 ವೋಲ್ಟ್ ಸಾರ್! ಅದೇ ಕಾರಣ ಇರಬೇಕು. ಕೋಡ್ ಅಳಿಸಿ, ಮತ್ತೆ ಬರುತ್ತದಾ ನೋಡಿ. ಮುಂದಿನ ಸಲ ಕಾರಿನಿಂದಲೇ ಜಂಪ್ ಮಾಡಿಸಿ. ಕೆಲವು ಚಾರ್ಜರ್‌ಗಳಲ್ಲಿ ಸತ್ತ ಬ್ಯಾಟರಿ ಎಬ್ಬಿಸುವ ರಿಪೇರಿ ಮೋಡ್ ಇರುತ್ತದೆ, ಅದೂ 16ರ ಹತ್ತಿರ ಹೋಗುತ್ತದೆ. ಅದನ್ನು ಬಳಸುವಾಗ ಬ್ಯಾಟರಿಯನ್ನು ಗಾಡಿಯಿಂದ ಬಿಡಿಸಿಟ್ಟುಕೊಳ್ಳಬೇಕು.

ಲ್ಯಾಬ್‌ಕೋಟು
ಗಾಬರಿ ಬೇಡ ಎರಡನೇಕೈ ಸಾರ್. ನಾನು ಮೇಲೆ ಹೇಳಿದ ಅದೇ ಮಾನದಂಡದಲ್ಲಿ 24 ವೋಲ್ಟಿನ ಜಂಪ್ ಸ್ಟಾರ್ಟ್ ಪರೀಕ್ಷೆಯೂ ಇದೆ, 60 ಸೆಕೆಂಡ್. ರೆಗ್ಯುಲೇಟರ್ ಕೆಟ್ಟರೆ ಅಂತ 18 ವೋಲ್ಟಿನಲ್ಲಿ 60 ನಿಮಿಷದ ಪರೀಕ್ಷೆ ಬೇರೆ. ನಾಲ್ಕನೇಗೇರು ಅವರ ಎಬಿಎಸ್ ಯೂನಿಟ್ ಉಳಿದುಕೊಂಡಿದ್ದಕ್ಕೆ ಆಶ್ಚರ್ಯ ಇಲ್ಲ.

ಸುಮ್ನೆಓದುವವ
ಇಷ್ಟು ಓದಿದ ಮೇಲೆ ನಾನೂ ಸಾಕೆಟ್ಟಿಗೆ ವೋಲ್ಟ್ ಮೀಟರ್ ಚುಚ್ಚಿದೆ. ಈಗ ನಿದ್ದೆ ಹೋಗಿದೆ 😅 ಗಾಡಿ ಹೊಸದು. ಸುಮ್ನೆ ಓಡುವಾಗ 12.9, ಕಾಲು ತೆಗೆದು ಇಳಿಜಾರಿನಲ್ಲಿ ಬಿಟ್ಟರೆ 14.9, ಮತ್ತೆ ಆಕ್ಸಿಲರೇಟರ್ ಒತ್ತಿದರೆ 12.9. ಲೈಟ್ ಏನೂ ಹತ್ತಿಲ್ಲ.

ಸ್ಪ್ಯಾನರ್‌ಕೈ
ಸ್ಮಾರ್ಟ್ ಚಾರ್ಜಿಂಗ್ ಇರುವ ಗಾಡಿ. ವೇಗ ಇಳಿಸುವಾಗ ಸಿಗುವ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ, ಎಳೆಯುವಾಗ ಇಂಜಿನ್ ಮೇಲೆ ಭಾರ ಬೀಳದಿರಲಿ ಅಂತ ಆಲ್ಟರ್ನೇಟರನ್ನು ಸುಮ್ಮನಿಡುತ್ತದೆ. 15ರ ಹತ್ತಿರ ಹೋಗಿ ಮತ್ತೆ ಇಳಿಯುತ್ತಿದ್ದರೆ ಮಾಮೂಲು. ಬ್ಯಾಟರಿ ಬದಲಿಸುವಾಗ ಮಾತ್ರ ಅದೇ ಜಾತಿಯದ್ದು ಹಾಕಿಸಿ, ಗಾಡಿ ಕೇಳಿದರೆ ಸ್ಕ್ಯಾನರಿನಲ್ಲಿ ನೋಂದಾಯಿಸಿ. ಹೊರಗಿನ ಚಾರ್ಜರ್ ಹಾಕುವುದಾದರೆ ನೆಗೆಟಿವ್ ಕ್ಲಿಪ್ಪನ್ನು ಬಾಡಿ ಅರ್ತಿಗೆ ಹಾಕಿ. ನೆಗೆಟಿವ್ ಕಂಬದ ಮೇಲೆ ಕೂತಿರುವ ಸಣ್ಣ ಸೆನ್ಸರ್ ಚಾರ್ಜ್ ಲೆಕ್ಕ ಹಿಡಿಯುವುದು ಹಾಗೆ ಹಾಕಿದಾಗ ಮಾತ್ರ.

ಸುಮ್ನೆಓದುವವ
ಮೀಟರ್ ಕಿತ್ತು ಡ್ಯಾಶ್‌ಬೋರ್ಡ್ ಡಬ್ಬಿಗೆ ಹಾಕಿದೆ.

ಹಳೇಗಾಡಿ
ಒಳಗಿಡು, ಎಸೆಯಬೇಡ.